ವಿಮಾನದಿಂದ ಮನಸ್ಸು ಇಳಿದಾಗ

ಪ್ರಶ್ನೆ: ನನಗೆ 43 ವರ್ಷ, ಹುಬ್ಬಳ್ಳಿಯಲ್ಲಿ ಇದ್ದೇನೆ. ಪಿಯುಸಿ ಕಾಲದಿಂದ 1:72 ಅಳತೆಯ, ಅಂದರೆ ನಿಜವಾದದ್ದರ 72ನೇ ಒಂದು ಪಾಲಿನಷ್ಟು ಇರುವ, ಪ್ಲಾಸ್ಟಿಕ್ ವಿಮಾನದ ಕಿಟ್‌ಗಳನ್ನು ಕಟ್ಟುತ್ತಾ ಬಂದಿದ್ದೇನೆ. ಒಂದೂವರೆ ವರ್ಷದಿಂದ ವಿಮಾನದ ಕಡೆ ಮನಸ್ಸೇ ಹೋಗುತ್ತಿಲ್ಲ. ಅಟ್ಟದ ಮೇಲೆ ತೆರೆಯದ 38 ಡಬ್ಬಿಗಳಿವೆ. ಅರ್ಧ ಕಟ್ಟಿದ ಸ್ಪಿಟ್‌ಫೈರ್ ಯುದ್ಧವಿಮಾನ 14 ತಿಂಗಳಿಂದ ಮೇಜಿನ ಮೇಲೆ ಕೂತಿದೆ. ಕೊನೆಯದಾಗಿ ಖುಷಿಯಿಂದ ಮಾಡಿದ್ದು ಅಂದರೆ ಅದನ್ನು ನಿಲ್ಲಿಸಲು ಹಲಗೆಯ ಮೇಲೆ ಮಾಡಿದ ನೆಲ. ಕೆಸರು, ಎಣ್ಣೆ ಕಲೆ, ಒಣಹುಲ್ಲು, ಇಷ್ಟಕ್ಕೇ ಮೂರು ಭಾನುವಾರ ಹೋಯಿತು. ಈಗ ಹಳೇ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲದ ಒಂದು ಸಣ್ಣ ರೈಲು ನಿಲ್ದಾಣ ಮಾಡುವ ಆಸೆ ಹತ್ತಿದೆ. ಮನೆಯವರು "ಇಷ್ಟೆಲ್ಲ ತಂದು ಈಗ ಅದು ಬೇಡ್ವಾ" ಅಂತ ಕೇಳುತ್ತಾರೆ. ನನ್ನ ಹವ್ಯಾಸ ಮುಗಿಯಿತಾ? ಬಲವಂತವಾಗಿ ಸ್ಪಿಟ್‌ಫೈರ್ ಮುಗಿಸಲಾ? ಡಬ್ಬಿಗಳನ್ನು ಮಾರಿಬಿಡಲಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಆ ಮೂರು ಭಾನುವಾರದ ಸಾಲಿನ ಹತ್ತಿರ ನಿಂತುಬಿಟ್ಟೆ. ಹವ್ಯಾಸ ಮುಗಿದವರು ಕೆಸರು ಮಾಡಲು ಮೂರು ಭಾನುವಾರ ಕೊಡುವುದಿಲ್ಲ. ವಿಮಾನ ಮೇಜಿನ ಮೇಲೆ ಸುಮ್ನೆ ಕೂತಿದ್ದಾಗಲೂ ನೀವು ಅದರ ಚಕ್ರದ ಕೆಳಗಿನ ನೆಲದಲ್ಲಿ ಕೆಲಸ ಮಾಡುತ್ತಲೇ ಇದ್ದಿರಿ. ನಿಮ್ಮ ಮನಸ್ಸು ವಿಮಾನದಿಂದ ಇಳಿದು ನೆಲಕ್ಕೆ ಬಂದಿದೆ. ಆ ನೆಲದ ಮೇಲೆ ಅದಕ್ಕೆ ಈಗ ಒಂದು ಹೆಂಚಿನ ಮನೆ ಬೇಕು, ಒಂದು ಜೊತೆ ಹಳಿ ಬೇಕು, ಒಂದು ಬೇವಿನ ಮರ ಬೇಕು.

ನಾನು ಮಾಡೆಲ್ ಕಟ್ಟಲು ಶುರು ಮಾಡಿ 50 ವರ್ಷ ದಾಟಿತು. ನೀವು ಕೇಳಿದ ಪ್ರಶ್ನೆ ನನಗೇ ನಾಲ್ಕು ಸಲ ಬಂದಿದೆ, ಪ್ರತಿ ಸಲವೂ ಇದೇ ಕೊನೆ ಅಂದುಕೊಂಡಿದ್ದೆ. "ನನಗೆ ವಿಮಾನ ಇಷ್ಟ", "ನನಗೆ ಹಡಗು ಇಷ್ಟ" ಅಂತ ನಾವು ವಿಷಯದ ಹೆಸರು ಹೇಳುತ್ತೇವೆ ಅಲ್ವಾ, ಆದರೆ ಕೈ ಹಿಡಿದುಕೊಳ್ಳುವುದು ಕೆಲಸದ ಯಾವುದೋ ಒಂದು ಹಂತವನ್ನು. ಒಬ್ಬರಿಗೆ ಎರಡು ತುಂಡು ಸೇರಿಸಿ ಸಂದು ಕಾಣದ ಹಾಗೆ ಉಜ್ಜುವುದರಲ್ಲಿ ಖುಷಿ. ಇನ್ನೊಬ್ಬರಿಗೆ ಬಣ್ಣ. ಮತ್ತೊಬ್ಬರಿಗೆ ಆ ವಿಮಾನ ಯಾವ ಸ್ಕ್ವಾಡ್ರನ್ನಿನದು, ಬಾಲದ ಮೇಲಿನ ಸಂಖ್ಯೆ ಯಾವ ಬಣ್ಣದಲ್ಲಿತ್ತು ಅಂತ ಹುಡುಕುವುದೇ ಹಬ್ಬ, ಕಟ್ಟುವುದು ಅವರಿಗೆ ನೆಪ. ಕೆಲವರಿಗೆ ಅದು ಹಾರಲೇಬೇಕು, ಓಡಲೇಬೇಕು. ಈ ಹಂತ ವಯಸ್ಸಿನ ಜೊತೆ ಜರುಗುತ್ತದೆ. ಜರುಗಿದ್ದು ನಮಗೆ ತಿಳಿಯುವುದಿಲ್ಲ, ಯಾಕೆಂದರೆ ನಾವು ವಿಷಯದ ಹೆಸರನ್ನೇ ನೋಡುತ್ತಾ ಕೂತಿರುತ್ತೇವೆ.

ನನ್ನ ದಾರಿ ಹೇಳುತ್ತೇನೆ, ನಿಮ್ಮದಕ್ಕೆ ಹೋಲಿಸಿ ನೋಡಿಕೊಳ್ಳಿ.

ನಾನು ಬೆಳೆದದ್ದು ಮೈಸೂರಿನಲ್ಲಿ. ದಸರಾ ಬಂದರೆ ಗೊಂಬೆ ಕೂರಿಸುವುದು ಅಮ್ಮ, ಅಕ್ಕಂದಿರ ಕೆಲಸ. ಮೆಟ್ಟಿಲುಗಳ ಮುಂದೆ ಪಾರ್ಕ್ ಮಾಡುವುದು ನನ್ನ ಕೆಲಸ. ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಗೆ ಮಣ್ಣು ಹಾಕಿ, ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿದರೆ ಗೊಂಬೆ ಕೂರಿಸುವ ಹೊತ್ತಿಗೆ ಹಸಿರು ಹುಲ್ಲು ಎದ್ದು ನಿಲ್ಲುತ್ತಿತ್ತು. ಮಧ್ಯೆ ಒಂದು ಕನ್ನಡಿ ತುಂಡು ಇಟ್ಟರೆ ಕೆರೆ. ಬೆಂಕಿಪೊಟ್ಟಣಕ್ಕೆ ಕೆಂಪು ಕಾಗದ ಅಂಟಿಸಿದರೆ ಬಸ್ಸು. ಅದನ್ನು ಮಾಡೆಲ್ ಅಂತ ಯಾರೂ ಕರೆಯುತ್ತಿರಲಿಲ್ಲ. ಆ ಹತ್ತು ದಿನ ನಾನು ಅದರ ಪಕ್ಕದಿಂದ ಏಳುತ್ತಿರಲಿಲ್ಲ.

ಕಾಲೇಜಿಗೆ ಬಂದಾಗ ಎನ್‌ಸಿಸಿ ಏರ್ ವಿಂಗ್ ಸೇರಿದೆ. ಅಲ್ಲಿ ಏರೋಮಾಡೆಲಿಂಗ್ ಇತ್ತು. ಬಾಲ್ಸಾ ಹಲಗೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅದಕ್ಕೆ ತೂಕವೇ ಇಲ್ಲ ಅನ್ನಿಸಿತು. ಪಕ್ಕೆಲುಬಿನ ಹಾಗೆ ರೆಕ್ಕೆಯ ಒಳಗಿನ ತುಂಡುಗಳನ್ನು ಒಂದೊಂದೇ ಕತ್ತರಿಸಿ ಜೋಡಿಸುವುದು, ಮೇಲೆ ತೆಳು ಟಿಶ್ಯೂ ಕಾಗದ ಹೊದಿಸಿ ಡೋಪ್ ಅನ್ನುವ ವಾರ್ನಿಷ್ ಬಳಿಯುವುದು, ಅದು ಒಣಗುತ್ತಾ ಡೋಲಿನ ಚರ್ಮದ ಹಾಗೆ ಬಿಗಿಯಾಗುವುದು. ಕಂಟ್ರೋಲ್ ಲೈನ್ ವಿಮಾನದಲ್ಲಿ ಎರಡು ಸಣ್ಣ ಉಕ್ಕಿನ ತಂತಿ, ನಮ್ಮ ಕೈಯಲ್ಲಿ ಒಂದು ಹಿಡಿ. ನಾವು ನಡುವೆ ನಿಂತು ತಿರುಗುತ್ತಿದ್ದರೆ ಅದು ನಮ್ಮ ಸುತ್ತ ಹಾರುತ್ತದೆ. ಇಂಧನದಲ್ಲಿ ಹರಳೆಣ್ಣೆ ಸೇರಿರುತ್ತದೆ, ಆ ಸುಟ್ಟ ವಾಸನೆ ಶರ್ಟಿನಿಂದ ಎರಡು ದಿನ ಹೋಗುತ್ತಿರಲಿಲ್ಲ. ಪಾರ್ಕು, ಕೆರೆ, ಬೆಂಕಿಪೊಟ್ಟಣದ ಬಸ್ಸು ಎಲ್ಲ ಮರೆತೇಹೋಯಿತು. ಹಾರದೇ ಇರುವುದು ಮಾಡೆಲ್ಲೇ ಅಲ್ಲ ಅಂತ ನಾನು ಆಗ ಗಟ್ಟಿಯಾಗಿ ವಾದ ಮಾಡುತ್ತಿದ್ದೆ.

ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿನ ಒಂದು ಕೋಣೆಯ ಮನೆಗೆ ಬಂದೆ. ಮೈದಾನ ಇಲ್ಲ, ಎಂಜಿನ್ ಹಚ್ಚಿದರೆ ಓನರ್ ಮೇಲಿನಿಂದ ಇಳಿದು ಬರುತ್ತಾರೆ. ಅದೇ ಹೊತ್ತಿಗೆ ಸೋದರಮಾವ ಹೊರದೇಶದಿಂದ ಒಂದು ಪ್ಲಾಸ್ಟಿಕ್ ಕಿಟ್ ತಂದುಕೊಟ್ಟರು. ಮನೆಯೊಳಗೆ ಊಟದ ತಟ್ಟೆಯಷ್ಟು ಜಾಗದಲ್ಲಿ, ಸದ್ದಿಲ್ಲದೆ, ರಾತ್ರಿ ಹತ್ತರ ಮೇಲೆ ಮಾಡಬಹುದಾದ ಕೆಲಸ. ಅಲ್ಲಿಂದ ಸುಮಾರು 18 ವರ್ಷ 1:72. ನೋಡಿ, ಇಲ್ಲಿ ನನ್ನ ಆಸಕ್ತಿಯನ್ನು ಬದಲಾಯಿಸಿದ್ದು ಮನೆಯ ಅಳತೆ. ತುಂಬಾ ಜನರಿಗೆ ಹೀಗೇ ಆಗುತ್ತದೆ, ಆದರೆ ಅವರು ಅದನ್ನು ತಮ್ಮ ಗುಣದ ದೋಷ ಅಂದುಕೊಳ್ಳುತ್ತಾರೆ.

2001ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್ ಹೆರಿಟೇಜ್ ಸೆಂಟರ್ ತೆರೆಯಿತು. ಅಲ್ಲಿ ಮಾರುತ್ ವಿಮಾನದ ಪಕ್ಕ ನಿಂತಾಗ ಕಿಟ್‌ಗಳು ಒಂದೇ ಮಧ್ಯಾಹ್ನದಲ್ಲಿ ಸಪ್ಪೆಯಾಗಿಬಿಟ್ಟವು. ಎಚ್‌ಎಫ್-24 ಮಾರುತ್ ನಮ್ಮ ಊರಿನಲ್ಲೇ ಹುಟ್ಟಿದ ಯುದ್ಧವಿಮಾನ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್ ತಂಡದ ಜೊತೆ ವಿನ್ಯಾಸ ಮಾಡಿದ್ದು. 1961ರ ಜೂನ್ 17ರಂದು ಮೊದಲು ಹಾರಿತು, ಒಟ್ಟು 147 ತಯಾರಾದವು. ಸ್ಪಿಟ್‌ಫೈರ್ ಕಿಟ್ ಬೇಕು ಅಂದರೆ ಯಾವ ಅಳತೆಯಲ್ಲಿ ಬೇಕಾದರೂ ಇದೆ, ಆದರೆ ನನ್ನ ಮನೆಯ ಮೇಲೆ ಹಾರಿದ ವಿಮಾನದ ಕಿಟ್ ಅಂಗಡಿಯಲ್ಲಿ ನನಗೆ ಸಿಗಲಿಲ್ಲ. ಹಾಗಾದರೆ ಕೆತ್ತೋಣ ಅಂದುಕೊಂಡೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದ ತುಂಡು ತಂದೆ. 1:48ರಲ್ಲಿ ಉದ್ದ ಸುಮಾರು 33 ಸೆಂ.ಮೀ., ರೆಕ್ಕೆಯ ಅಗಲ 19 ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಆ ಮರ ನುಣುಪು, ಎಳೆ ಕಾಣುವುದಿಲ್ಲ, ಚಾಕುವಿಗೆ ಸಲೀಸಾಗಿ ಬರುತ್ತದೆ. ಉಪ್ಪುಕಾಗದ ಹಿಡಿದು ಉಜ್ಜುತ್ತಾ ಮಾರುತ್‌ನ ಸೊಂಟ ಸಣ್ಣಗಾಗುವ ಆ ತಿರುವು ಬೆರಳಿಗೆ ಸಿಕ್ಕ ದಿನ ನನಗೆ ಇವತ್ತಿಗೂ ನೆನಪಿದೆ. ಕಿಟ್ಟಿನಲ್ಲಿ ಬೇರೆ ಯಾರೋ ಆ ತಿರುವನ್ನು ಮೊದಲೇ ಮಾಡಿಟ್ಟಿರುತ್ತಾರೆ.

ಐದಾರು ವರ್ಷ ಅದರ ಮೇಲೆ ಆಗಾಗ ಕೆಲಸ ನಡೆಯಿತು. ಕಾಕ್‌ಪಿಟ್ ಹಂತಕ್ಕೆ ಬಂದಾಗ ನಿಂತುಹೋಯಿತು. ಮೇಜಿನ ಹತ್ತಿರ ಹೋದರೆ ಬೇಸರ, ಹತ್ತು ನಿಮಿಷದಲ್ಲಿ ತಲೆನೋವು, ಏನೂ ಬೇಡ ಅನ್ನಿಸುವುದು. ಮೂರು ವರ್ಷ ಬಟ್ಟೆ ಮುಚ್ಚಿಟ್ಟಿದ್ದೆ. ಹವ್ಯಾಸ ಸತ್ತಿತು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಂದು ದಿನ ಪೇಪರ್ ಓದಲು ಆಗುತ್ತಿಲ್ಲ ಅಂತ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಓದುವ ಕನ್ನಡಕ ಕೊಟ್ಟರು. ಮನೆಗೆ ಬಂದು, ಯಾಕೋ ಗೊತ್ತಿಲ್ಲ, ಬಟ್ಟೆ ತೆಗೆದು ಮಾರುತ್‌ನ ಕಾಕ್‌ಪಿಟ್ ನೋಡಿದೆ. ಎಷ್ಟು ಸ್ಪಷ್ಟವಾಗಿ ಕಂಡಿತು ಅಂದರೆ, ಅವತ್ತು ರಾತ್ರಿ ಒಂದೂವರೆ ತನಕ ಏಳಲಿಲ್ಲ.

ಅದಕ್ಕೇ ನಿಮಗೆ ಮೊದಲು ಹೇಳುವುದು ಇದು. ನಿಮಗೆ 43. ಹತ್ತಿರದ ಕಣ್ಣು ಮಂಕಾಗುವುದು ಸಾಮಾನ್ಯವಾಗಿ ಶುರುವಾಗುವುದೇ 40ರ ಆಸುಪಾಸಿನಲ್ಲಿ, ಅದೂ ನಿಧಾನವಾಗಿ, ಗೊತ್ತೇ ಆಗದ ಹಾಗೆ. ಕಣ್ಣು ಶ್ರಮಪಡುತ್ತಿದ್ದರೆ ಅದು ನಮಗೆ ಬೇಸರದ ರೂಪದಲ್ಲಿ ತಿಳಿಯುತ್ತದೆ. 1:72ರ ಸ್ಪಿಟ್‌ಫೈರ್ ರೆಕ್ಕೆ ತುದಿಯಿಂದ ತುದಿಗೆ 15.6 ಸೆಂ.ಮೀ., ಅದರ ಕಾಕ್‌ಪಿಟ್ ಒಂದು ಕಡಲೆಕಾಯಿ ಬೀಜದಷ್ಟು. ನಿಲ್ದಾಣದ ಕಟ್ಟಡ ಅಂದರೆ ದೊಡ್ಡ ಗೋಡೆ, ದೊಡ್ಡ ಬಾಗಿಲು. ಮನಸ್ಸು ಅತ್ತ ವಾಲಿರುವುದಕ್ಕೆ ಕಣ್ಣೂ ಒಂದು ಕಾರಣ ಇರಬಹುದು. ಯಾವ ನಿರ್ಧಾರಕ್ಕೂ ಮುಂಚೆ ಕಣ್ಣು ತೋರಿಸಿಕೊಂಡು ಬನ್ನಿ. ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಮತ್ತು ಒಂದು ಒಳ್ಳೆಯ ಬಿಳಿ ದೀಪ ತಗೊಳ್ಳಿ. ರೈಲಿಗೂ ಅವು ಬೇಕೇ ಬೇಕು, ದಂಡ ಆಗುವುದಿಲ್ಲ. ಇನ್ನೊಂದು ಮಾತು ಚಿಕ್ಕದಾಗಿ. ಮಾಡೆಲ್ ಒಂದೇ ಅಲ್ಲ, ಊಟ, ಗೆಳೆಯರು, ಹಾಡು ಯಾವುದೂ ರುಚಿಸುತ್ತಿಲ್ಲ ಅಂತಾದರೆ ಅದು ಹವ್ಯಾಸದ ವಿಷಯ ಅಲ್ಲ, ದಯವಿಟ್ಟು ಡಾಕ್ಟರ ಜೊತೆ ಮಾತಾಡಿ. ನಿಮ್ಮ ಪತ್ರದಲ್ಲಿ ನನಗೆ ಹಾಗೇನೂ ಕಾಣಲಿಲ್ಲ.

ನಾನು ಚಂಚಲನಾ ಅಂತ ನಿಮಗೆ ಅನ್ನಿಸಬಹುದು. ಈ ಕ್ಷೇತ್ರದಲ್ಲಿ ದೊಡ್ಡ ಹೆಸರು ಮಾಡಿದವರಲ್ಲೂ ಹೀಗೇ ಜಾಗ ಬದಲಿಸಿದವರಿದ್ದಾರೆ. ಜಪಾನಿನ ಟಮಿಯಾ ಕಂಪನಿಯನ್ನೇ ನೋಡಿ. ಶಿಜುವೊಕಾದಲ್ಲಿ ಮರದ ವ್ಯಾಪಾರದಿಂದ ಶುರು. ಆಮೇಲೆ ಮರದ ಮಾಡೆಲ್. ಪ್ಲಾಸ್ಟಿಕ್ ಬಂದು ಮರದ ಮಾಡೆಲ್ ಕೇಳುವವರು ಇಲ್ಲದಾದಾಗ 1960ರಲ್ಲಿ ಯಮಾಟೊ ಯುದ್ಧನೌಕೆಯ ಪ್ಲಾಸ್ಟಿಕ್ ಕಿಟ್ ಮಾಡಿದರು, ಅದು ಗೆಲ್ಲಲಿಲ್ಲ. ನಂತರ ಪ್ಯಾಂಥರ್ ಟ್ಯಾಂಕ್ ಮಾಡಿದರು. ಒಳಗೆ ಮೋಟರು, ಬ್ಯಾಟರಿ ಕೂರುವಷ್ಟು ಜಾಗ ಇಟ್ಟು ಮಾಡಿದ ಟ್ಯಾಂಕ್ ಅದು, ಆಮೇಲೆ ಅಳೆದು ನೋಡಿದರೆ 1:35 ಬಂತು. ಇವತ್ತು ಪ್ರಪಂಚದಲ್ಲಿ ಟ್ಯಾಂಕ್ ಕಟ್ಟುವವರು ಹೆಚ್ಚಾಗಿ ಬಳಸುವ ಅಳತೆ ಅದೇ. 1976ರಲ್ಲಿ ರೇಡಿಯೋ ಕಂಟ್ರೋಲ್ ಕಾರಿಗೆ ಕೈ ಹಾಕಿದರು. ಹೊಟ್ಟೆಪಾಡಿಗೆ ಬದಲಾದರು ಅನ್ನಬಹುದು, ಸರಿ. ಹಾಗಾದರೆ ಅಮೆರಿಕದ ಶೆಪರ್ಡ್ ಪೇನ್ ಅವರನ್ನು ನೋಡಿ. 1970ರ ದಶಕದಲ್ಲಿ ಮೊನೊಗ್ರಾಮ್ ಕಿಟ್‌ಗಳ ಡಬ್ಬಿಯೊಳಗೆ ಅವರ ಡಯೊರಾಮಾದ, ಅಂದರೆ ಮಾಡೆಲ್ ಇಟ್ಟು ಕಟ್ಟಿದ ದೃಶ್ಯದ, ಫೋಟೋ ಇರುವ ಮಡಿಕೆ ಹಾಳೆ ಬರುತ್ತಿತ್ತು. ಟ್ಯಾಂಕು, ವಿಮಾನ ಸುಮ್ಮನೆ ಕಪಾಟಿನಲ್ಲಿ ನಿಲ್ಲುವ ವಸ್ತು ಅಲ್ಲ, ಅದರ ಸುತ್ತ ಜನ, ಮಣ್ಣು, ಒಂದು ಕಥೆ ಇರಬಹುದು ಅಂತ ಒಂದು ಇಡೀ ತಲೆಮಾರಿಗೆ ತೋರಿಸಿದ ಹಾಳೆ ಅದು. ಅದರಲ್ಲೇ ಅವರು ನಿಲ್ಲಲಿಲ್ಲ. ಮುಂದೆ ಪೆಟ್ಟಿಗೆಯೊಳಗಿನ ದೃಶ್ಯಗಳ ಕಡೆ ಹೋದರು, ಒಳಗೆ ಸಣ್ಣ ದೀಪ, ಮುಂದೆ ಗಾಜು, ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ತಾವೇ ನಿರ್ಧರಿಸಿ ಮಾಡಿದ ಕೆಲಸಗಳು. ವಸ್ತುವಿನಿಂದ ನೆಲಕ್ಕೆ, ನೆಲದಿಂದ ಬೆಳಕಿಗೆ. ನಿಮ್ಮ ಮೂರು ಭಾನುವಾರದ ಕೆಸರಿಗೂ ಈ ದಾರಿಗೂ ಸಂಬಂಧ ಇದೆ ಅಂತ ನಾನು ನಂಬುತ್ತೇನೆ.

ಈಗ ಕೆಲಸದ ಮಾತು.

ಸ್ಪಿಟ್‌ಫೈರನ್ನು ಬಲವಂತವಾಗಿ ಮುಗಿಸಬೇಡಿ. ಬೇಸರದಲ್ಲಿ ಮುಗಿಸಿದ ಮಾಡೆಲ್ ಕಪಾಟಿನಲ್ಲಿ ಕೂತು ವರ್ಷಗಟ್ಟಲೆ ಚುಚ್ಚುತ್ತದೆ. ಸಂದಿನಲ್ಲಿ ಉಜ್ಜದೆ ಬಿಟ್ಟ ಪುಟ್ಟಿ ಬೇರೆ ಯಾರಿಗೂ ಕಾಣದಿದ್ದರೂ ನಿಮಗೆ ಕಾಣುತ್ತದೆ. ಆದರೆ ಮೇಜಿನ ಮೇಲಂತೂ ಇರಬಾರದು, ದಿನಾ ಅದರ ಮುಖ ನೋಡಿ ತಪ್ಪಿತಸ್ಥರ ಹಾಗೆ ಕೂರುವುದು ಹೊಸ ಕೆಲಸಕ್ಕೂ ಒಳ್ಳೆಯದಲ್ಲ. ಮುಚ್ಚಳ ಇರುವ ಡಬ್ಬಿಗೆ ಹಾಕಿ. ಕಾಕ್‌ಪಿಟ್ಟಿನ ಗಾಜಿನ ತುಂಡನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ. ಇದಕ್ಕಿಂತ ಮುಖ್ಯ, ಒಂದು ಚೀಟಿ ಬರೆಯಿರಿ: ಯಾವ ಹಂತದಲ್ಲಿ ನಿಂತಿದೆ, ಮುಂದಿನ ಕೆಲಸ ಏನು, ಯಾವ ಬಣ್ಣಕ್ಕೆ ಯಾವುದನ್ನು ಎಷ್ಟು ಹನಿ ಬೆರೆಸಿದಿರಿ. ಮಾರುತ್ ಮುಚ್ಚಿಟ್ಟಾಗ ನಾನು ಚೀಟಿ ಬರೆದಿರಲಿಲ್ಲ. ಹೊಟ್ಟೆಯ ಭಾಗದ ಬೂದು ಬಣ್ಣವನ್ನು ಮತ್ತೆ ಹೊಂದಿಸಲು ಎರಡು ತಿಂಗಳು ಹಿಡಿಯಿತು, ಕೊನೆಗೆ ಪೂರ್ತಿ ಉಜ್ಜಿ ಹೊಸದಾಗಿ ಬಳಿದೆ.

38 ಡಬ್ಬಿಗಳ ವಿಷಯ. ಒಂದು ವರ್ಷ ಏನೂ ಮಾರಬೇಡಿ. ಹೊಸ ಆಸೆ ಬಂದ ಮೊದಲ ತಿಂಗಳಲ್ಲಿ ಎಲ್ಲ ಮಾರಿ, ಮೂರು ವರ್ಷದ ಮೇಲೆ ಅದನ್ನೇ ಎರಡರಷ್ಟು ಬೆಲೆ ಕೊಟ್ಟು ಮತ್ತೆ ಹುಡುಕುವವರನ್ನು ನಾನು ಬಹಳ ನೋಡಿದ್ದೇನೆ. ಪ್ಲಾಸ್ಟಿಕ್ ಕೆಡುವುದಿಲ್ಲ. ಕೆಡುವುದು ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಗುರುತು, ಸಂಖ್ಯೆಗಳ ಹಾಳೆ. ಕಾಲ ಕಳೆದ ಹಾಗೆ ಹಳದಿಯಾಗುತ್ತದೆ, ನೀರಿಗೆ ಹಾಕಿದರೆ ಚೂರಾಗುತ್ತದೆ. ಹಳದಿಯಾದದ್ದನ್ನು ಜಿಪ್ ಇರುವ ಪಾರದರ್ಶಕ ಕವರಿಗೆ ಹಾಕಿ ಬಿಸಿಲು ಬೀಳುವ ಕಿಟಕಿಗೆ ಕೆಲವು ವಾರ ಅಂಟಿಸಿಟ್ಟರೆ ಬಣ್ಣ ತಿರುಗಿ ಬೆಳ್ಳಗಾಗುತ್ತದೆ. ಬಿರುಕು ಬಿಡುವ ಅನುಮಾನ ಇದ್ದರೆ ಮೇಲೆ ಒಂದು ಪದರ ಕ್ಲಿಯರ್ ವಾರ್ನಿಷ್ ಹೊಡೆದು, ಒಣಗಿದ ಮೇಲೆ ಅಂಚು ಬಿಟ್ಟು ಕತ್ತರಿಸಿಕೊಳ್ಳಿ. ಮೆತ್ತನೆಯ ವಿನೈಲ್ ಟೈರುಗಳಿದ್ದರೆ ಅವನ್ನು ಬೇರೆ ಕವರಿನಲ್ಲಿ ಇಡಿ. ಕೆಲವು ಸಲ ಅದರೊಳಗಿನ ಎಣ್ಣೆಯಂಥ ಅಂಶ ತಾಗಿದ ಪ್ಲಾಸ್ಟಿಕ್ ಕರಗಿಬಿಡುತ್ತದೆ. ಅಟ್ಟ ಅಂದಿರಿ. ಶೀಟಿನ ಮಾಡಿನ ಕೆಳಗಿನ ಅಟ್ಟ ಆಗಿದ್ದರೆ ಬೇಸಿಗೆಯ ಕಾವಿಗೆ ತೆಳುವಾದ ತುಂಡುಗಳು ಬಾಗುತ್ತವೆ, ಕೆಳಗೆ ಮಂಚದಡಿಗೆ ತನ್ನಿ.

ಹಾಗೆ ಕೆಳಗೆ ಇಳಿಸುವಾಗ ಒಂದೊಂದೇ ಡಬ್ಬಿ ತೆರೆದು ನೋಡಿ. ಕೆಲವನ್ನು ತೆರೆದಾಗ ಕೈ ಒಳಗೆ ಹೋಗುತ್ತದೆ, ಒಂದು ರೆಕ್ಕೆ ತೆಗೆದು ಇನ್ನೊಂದಕ್ಕೆ ಹೊಂದಿಸಿ ನೋಡುತ್ತದೆ. ಅವನ್ನು ಇಟ್ಟುಕೊಳ್ಳಿ. ಕೆಲವನ್ನು ಯಾಕೆ ತಂದೆವು ಅನ್ನುವುದೇ ನೆನಪಿಗೆ ಬರುವುದಿಲ್ಲ, ಕಡಿಮೆ ಬೆಲೆಗೆ ಸಿಕ್ಕಿತ್ತು ಅಂತ ತಂದಿರುತ್ತೇವೆ. ವರ್ಷ ಕಳೆದ ಮೇಲೆ ಅವು ಹೋಗಲಿ. ಎರಡು ಮೂರನ್ನು ಓಣಿಯ ಹುಡುಗರಿಗೆ ಕೊಡಿ, ಬರೀ ಡಬ್ಬಿ ಕೊಡಬೇಡಿ, ಪಕ್ಕ ಕೂರಿಸಿಕೊಂಡು ಮೊದಲನೆಯದನ್ನು ಜೊತೆಗೆ ಕಟ್ಟಿ. ನನ್ನ ಅಕ್ಕನ ಮಗಳು 11 ವರ್ಷದವಳಿದ್ದಾಗ ಹಾಗೆ ಶುರು ಮಾಡಿದವಳು, ಅವಳ ಕೈಯ ಬಣ್ಣ ಈಗ ನನ್ನದಕ್ಕಿಂತ ಚೆನ್ನಾಗಿ ಕೂರುತ್ತದೆ.

ಮನೆಯವರಿಗೆ ನೇರವಾಗಿ ಹೇಳಿ: ಈ ವರ್ಷ ಹೊಸ ಕಿಟ್ ಒಂದೂ ಇಲ್ಲ, ನಿಲ್ದಾಣ ಮಾಡುವುದು ಮನೆಯಲ್ಲಿ ಇರುವುದರಲ್ಲೇ. ಇದು ಅವರ ಸಮಾಧಾನಕ್ಕೆ ಹೇಳುವ ಮಾತಲ್ಲ, ಹೀಗೆ ಮಾಡುವುದೇ ಸರಿಯಾದ ದಾರಿ. ಯಾಕೆ ಅಂತ ಹೇಳುತ್ತೇನೆ.

ರೈಲು ಮಾಡೆಲ್ ಅಂದ ಕೂಡಲೇ ಎಲ್ಲರೂ ಎಂಜಿನ್, ಹಳಿ, ಟ್ರಾನ್ಸ್‌ಫಾರ್ಮರ್ ಇರುವ ದೊಡ್ಡ ಡಬ್ಬಿ ತಂದುಬಿಡುತ್ತಾರೆ. ಅದು ಬೇರೆಯೇ ಹವ್ಯಾಸ. ವೈರು ಬೆಸುಗೆ ಹಾಕಬೇಕು, ಹಳಿ ಒರೆಸುತ್ತಾ ಇರಬೇಕು, ಗಾಡಿ ಓಡಿಸುವುದರಲ್ಲಿ ಆಸೆ ಇರಬೇಕು. ನೀವು ಪತ್ರದಲ್ಲಿ ಗಾಡಿ ಓಡಿಸುವ ಮಾತನ್ನೇ ಎತ್ತಿಲ್ಲ. ನಿಲ್ದಾಣ ಅಂದಿರಿ. ಹಾಗಾಗಿ ಓಡುವ ರೈಲು ಬೇಡ. 40 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಒಂದು ಹಲಗೆ ಸಾಕು. ಅದರಲ್ಲಿ ಒಂದು ಪ್ಲಾಟ್‌ಫಾರ್ಮಿನ ತುಂಡು, ಕಟ್ಟಡದ ಅರ್ಧ, ಒಂದು ಜೊತೆ ಹಳಿ. ರೈಲು ಈಗಷ್ಟೇ ಹೋಯಿತು ಅನ್ನುವ ಹೊತ್ತು.

ಅಳತೆಯ ಬಗ್ಗೆ ನಿಮ್ಮನ್ನು ಹಲವರು ಗೊಂದಲಕ್ಕೆ ಹಾಕುತ್ತಾರೆ. ರೈಲು ಅಂದರೆ 1:87ರ ಎಚ್‌ಒ ಅನ್ನುವ ಅಳತೆ, ಅದರ ಹಳಿಯ ಅಂತರ 16.5 ಮಿ.ಮೀ. ಅಂತ ಹೇಳುತ್ತಾರೆ. ಅದು ಯುರೋಪಿನ 1435 ಮಿ.ಮೀ. ಗೇಜಿಗೆ ಸರಿ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. 1:87ರಲ್ಲಿ ಅದಕ್ಕೆ 19.3 ಮಿ.ಮೀ. ಬೇಕು. ಹಾಗಾಗಿ ನಮ್ಮ ಎಂಜಿನ್ನನ್ನು ಅಂಗಡಿಯ ಎಚ್‌ಒ ಹಳಿಯ ಮೇಲೆ ನಿಲ್ಲಿಸಿದರೆ ಕಾಲು ಒಳಗೆ ಸೇರಿಸಿ ನಿಂತ ಹಾಗೆ ಕಾಣುತ್ತದೆ. ಒಂದು ಸ್ವಾರಸ್ಯ ಗೊತ್ತಾ? ಒಂದು ಅಡಿಗೆ 3 ಮಿ.ಮೀ. ಲೆಕ್ಕ ಹಿಡಿದರೆ, ಅಂದರೆ ಸುಮಾರು 1:101.6ರಲ್ಲಿ, ನಮ್ಮ ಐದೂವರೆ ಅಡಿ ಗೇಜ್ ಸರಿಯಾಗಿ 16.5 ಮಿ.ಮೀ. ಆಗುತ್ತದೆ. ಈ ಲೆಕ್ಕ ನಾನೇ ಒಂದು ರಾತ್ರಿ ಕೂತು ಹಾಕಿದಾಗ ಎದ್ದು ಕುಣಿಯುವಷ್ಟು ಖುಷಿ ಆಗಿತ್ತು. ನಿಮಗೆ ಅದು ಬೇಡ ಬಿಡಿ, ನಿಮ್ಮದು ಮೀಟರ್ ಗೇಜ್.

ನೀವು 1:72ರಲ್ಲೇ ಇರಿ. 25 ವರ್ಷ ಆ ಅಳತೆ ನಿಮ್ಮ ಕೈಗೆ ಕೂತಿದೆ. ಆರಡಿ ಮನುಷ್ಯ ಎರಡೂವರೆ ಸೆಂ.ಮೀ. ಅನ್ನುವುದನ್ನು ನೀವು ಸ್ಕೇಲ್ ಹಿಡಿಯದೇ ಹೇಳಬಲ್ಲಿರಿ. ಆ 38 ಡಬ್ಬಿಗಳಲ್ಲಿ ಕೆಲವದರಲ್ಲಿ ಜನರ ಗೊಂಬೆ, ಡ್ರಮ್ಮು, ಏಣಿ, ಸೈಕಲ್ಲು, ಸಣ್ಣ ಟ್ರಕ್ಕು ಇದ್ದೇ ಇರುತ್ತವೆ. ಪೈಲಟ್ಟಿಗೆ ಪುಟ್ಟಿಯಲ್ಲಿ ಪಂಚೆ ಉಡಿಸಿದರೆ ಪ್ರಯಾಣಿಕ. ಮೀಟರ್ ಗೇಜ್ 1:72ರಲ್ಲಿ 13.9 ಮಿ.ಮೀ., 14 ಅಂತ ಹಿಡಿಯಿರಿ. ಮರದ ಸ್ಲೀಪರ್ ಆರಡಿ ಉದ್ದ ಇರುತ್ತಿತ್ತು, ಅಂದರೆ 25 ಮಿ.ಮೀ. ಐಸ್‌ಕ್ಯಾಂಡಿ ಕಡ್ಡಿಯನ್ನು 3 ಮಿ.ಮೀ. ಅಗಲಕ್ಕೆ ಸೀಳಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆಯ ಉದ್ದಕ್ಕೆ ಉಜ್ಜಿ, ನೀರು ಬೆರೆಸಿದ ಕಪ್ಪು ಕಂದು ಬಣ್ಣದಲ್ಲಿ ಅದ್ದಿ. ಒಣಗಿದ ಮೇಲೆ ತಿಳಿ ಬೂದು ಬಣ್ಣವನ್ನು ಒಣ ಕುಂಚದಲ್ಲಿ ಸವರಿದರೆ ಬಿಸಿಲಿಗೆ ಸೀಳಿದ ಮರ.

ಹಳಿಯ ಜಲ್ಲಿಗೆ ನಾನು ಮೊದಲ ಸಲ ಬಣ್ಣ ಹಾಕಿದ ರವೆ ಬಳಸಿದೆ. ಎರಡನೇ ಮಳೆಗಾಲಕ್ಕೆ ಹುಳ ಬಿದ್ದು ಇಡೀ ಪ್ಲಾಟ್‌ಫಾರ್ಮ್ ಎಬ್ಬಿಸಿ ಎಸೆಯಬೇಕಾಯಿತು. ರಾಗಿ ಹಾಕಬಹುದಲ್ಲಾ ಅಂತ ಇನ್ನೊಬ್ಬರು ಕೇಳಿದ್ದರು. ಹುಳದ ಮಾತು ಬಿಡಿ, ಅಳತೆಯೇ ತಪ್ಪುತ್ತದೆ. ನಿಜವಾದ ಜಲ್ಲಿ ಸುಮಾರು 50 ಮಿ.ಮೀ. ಇದ್ದರೆ ನಮಗೆ ಬೇಕಾದದ್ದು 0.7 ಮಿ.ಮೀ., ರಾಗಿ ಕಾಳು ಅದರ ಸುಮಾರು ಎರಡರಷ್ಟು ದಪ್ಪ. ಮನೆ ಕಟ್ಟುವ ಕಡೆಯಿಂದ ಒಂದು ಹಿಡಿ ಎಂ ಸ್ಯಾಂಡ್ ಕೇಳಿ ತನ್ನಿ. ಟೀ ಸೋಸುವ ಜರಡಿಯಲ್ಲಿ ಒಂದು ಸಲ, ಕೆಳಗೆ ಬಿದ್ದದ್ದನ್ನು ತೆಳು ಬಟ್ಟೆಯಲ್ಲಿ ಇನ್ನೊಂದು ಸಲ ಹಿಡಿಯಿರಿ. ಬಟ್ಟೆಯ ಮೇಲೆ ಉಳಿದದ್ದು ಜಲ್ಲಿ, ಬಟ್ಟೆ ದಾಟಿದ್ದು ಪ್ಲಾಟ್‌ಫಾರ್ಮಿನ ಧೂಳು. ಕಲ್ಲಿನ ಪುಡಿ, ಹುಳ ಹತ್ತುವುದಿಲ್ಲ.

ಮಣ್ಣಿಗೆ ಬೇರೆ ಊರು ಹುಡುಕಬೇಡಿ, ನಿಮ್ಮ ಎರೆ ಮಣ್ಣೇ ಇದೆ. ತವೆಯ ಮೇಲೆ ಚೆನ್ನಾಗಿ ಹುರಿದು ಒಣಗಿಸಿ, ಸೋಸಿ. ಫೆವಿಕಾಲ್ ಒಂದು ಪಾಲಿಗೆ ನೀರು ಎರಡು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಇಲ್ಲದಿದ್ದರೆ ಅಂಟು ಮಣ್ಣಿನ ಮೇಲೆ ಮಣಿಯ ಹಾಗೆ ನಿಂತುಬಿಡುತ್ತದೆ, ಒಳಗೆ ಇಳಿಯುವುದಿಲ್ಲ. ಅಂಟು ಹಿಡಿದ ಮೇಲೆ ಮಣ್ಣು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ಸ್ವಲ್ಪ ಸುಣ್ಣದ ಪುಡಿ ಬೆರೆಸಿ ತಿಳಿ ಮಾಡಿ. ನಿಮ್ಮ ಸ್ಪಿಟ್‌ಫೈರಿನ ಕೆಸರು ಇಂಗ್ಲೆಂಡಿನದು. ಎರೆ ಮಣ್ಣು ಬೇಸಿಗೆಯಲ್ಲಿ ಹೇಗೆ ಸೀಳುತ್ತದೆ, ಆ ಸೀಳಿನ ಅಂಚು ಹೇಗೆ ಮೇಲೆದ್ದಿರುತ್ತದೆ ಅನ್ನುವುದನ್ನು ನೀವು ನೋಡಿ ಬೆಳೆದಿದ್ದೀರಿ. ಇಷ್ಟು ವರ್ಷ ಫೋಟೋ ನೋಡಿ ಬೇರೆ ದೇಶದ ಬಣ್ಣ ಹೊಂದಿಸಿದವರಿಗೆ, ಬಾಗಿಲು ತೆರೆದರೆ ಎದುರಿಗೇ ಇರುವ ಬಣ್ಣ ಹೊಂದಿಸುವುದು ಎಂಥಾ ಸುಖ ಅಂತ ಮಾಡಿಯೇ ತಿಳಿಯಬೇಕು. ಮಾರುತ್ ಕೆತ್ತಿದಾಗ ನನಗೆ ಆದದ್ದೂ ಇದೇ.

ಹೆಂಚಿಗೆ ಹೆದರಬೇಡಿ. ಮಂಗಳೂರು ಹೆಂಚು ಸುಮಾರು 40 ಸೆಂ.ಮೀ. ಉದ್ದ, ನಮ್ಮ ಲೆಕ್ಕದಲ್ಲಿ ಐದೂವರೆ ಮಿ.ಮೀ. ಒಂದೊಂದೇ ಅಂಟಿಸುವ ಹಟ ಮೊದಲನೆಯದರಲ್ಲೇ ಬೇಡ. ದಪ್ಪ ಡ್ರಾಯಿಂಗ್ ಹಾಳೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಪಟ್ಟಿಯ ಮೇಲೆ ಖಾಲಿ ಬಾಲ್ ಪೆನ್ನಿನಲ್ಲಿ ಒತ್ತಿ ಗೆರೆ ಎಳೆದು, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಚು ಹತ್ತುವ ಹಾಗೆ ಅಂಟಿಸಿಕೊಂಡು ಹೋಗಿ. ಬಣ್ಣ ಒಂದೇ ಕೆಂಪು ಬೇಡ. ಕೆಲವು ಹೆಂಚು ಕಪ್ಪು ಹಿಡಿದಿರಲಿ, ಎರಡು ಮೂರು ಹೊಸದಾಗಿ ಹಾಕಿದ ಹಾಗೆ ಕಿತ್ತಳೆ ಇರಲಿ. ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ಮಳೆ ಹಿಡಿದ ದಿನ ಹೊಡೆಯಬೇಡಿ, ಗಾಳಿಯ ತೇವಕ್ಕೆ ಬೆಳ್ಳಗೆ ಬೂಷ್ಟು ಹಿಡಿದ ಹಾಗೆ ಆಗುತ್ತದೆ. ಇದು ವಿಮಾನದಲ್ಲೇ ನಿಮಗೆ ಗೊತ್ತಾಗಿರುತ್ತದೆ.

ಇದು ಮುಗಿದ ಮೇಲೆ ಮೂರರಲ್ಲಿ ಒಂದು ಆಗಬಹುದು. ಕಟ್ಟಡದ ಮೇಲೆ ಆಸೆ ಜಾಸ್ತಿಯಾಗಿ ಇನ್ನೊಂದು ನಿಲ್ದಾಣ, ಒಂದು ಮಠ, ಒಂದು ವಾಡೆ ಅಂತ ಹೋಗಬಹುದು. ಆ ಖಾಲಿ ಹಳಿ ನೋಡಿ ನೋಡಿ ಅದರ ಮೇಲೆ ಏನಾದರೂ ಓಡಲಿ ಅನ್ನಿಸಬಹುದು, ಆಗ ದುಡ್ಡು ಹಾಕಿ ನಿಜವಾದ ರೈಲು ಲೇಔಟಿಗೆ ಇಳಿಯಿರಿ, ಆಗ ಅದು ಸರಿ. ಅಥವಾ ನೆಲದ ಹಸಿವು ತೀರಿ, ಒಂದು ರಾತ್ರಿ ಸ್ಪಿಟ್‌ಫೈರಿನ ಡಬ್ಬಿ ತೆರೆದು ಚೀಟಿ ಓದಬಹುದು. ನನಗೆ ಮಾರುತ್ 2012ರಲ್ಲಿ ಮುಗಿಯಿತು, ಶುರು ಮಾಡಿ ಹತ್ತು ವರ್ಷದ ಮೇಲೆ. ಈಗ ನಾನು ಮಾಡುತ್ತಿರುವುದು ಹಳೇ ಮೈಸೂರಿನ ಒಂದು ಬೀದಿ, ಸನ್‌ಬೋರ್ಡ್ ಅನ್ನುವ ಹಗುರ ಹಲಗೆಯಲ್ಲಿ ಕತ್ತರಿಸಿದ ಅಂಗಡಿಗಳು, ಮುಂದೆ ಒಂದು ಕೆಂಪು ಬಸ್ಸು. ಬೆಂಕಿಪೊಟ್ಟಣ ಹೋಗಿ ಸನ್‌ಬೋರ್ಡ್ ಬಂದಿದೆ. ಕೆರೆಗೆ ಈಗಲೂ ಕನ್ನಡಿಯೇ.

ಒಂದು ಕೆಲಸ ಈ ಭಾನುವಾರವೇ ಮಾಡಿ. ನಿಮ್ಮ ಊರಿನಲ್ಲೇ 2020ರಲ್ಲಿ ತೆರೆದ ರೈಲು ಮ್ಯೂಸಿಯಂ ಇದೆ. ಅಲ್ಲಿ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟಿರುವ ಹಳೇ ರೈಲ್ವೆ ಮನೆಗಳನ್ನು ನೋಡಿ, ಕಲ್ಲಿನ ಗೋಡೆ, ಬಾಗಿಲು, ಮಾಡು ಹೇಗೆ ಕೂತಿವೆ ಅಂತ ನಿಧಾನವಾಗಿ ನೋಡಿ. ನಿಮ್ಮ ಭಾಗದ ಮೀಟರ್ ಗೇಜ್ ಹಳಿಗಳನ್ನು ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿದ್ದು, ಆ ಸಾಲಿನ ಸಣ್ಣ ನಿಲ್ದಾಣ ಎಲ್ಲಾದರೂ ಉಳಿದಿದ್ದರೆ ಅಲ್ಲಿಗೂ ಹೋಗಿ. ಸ್ಟೇಷನ್ ಮಾಸ್ಟರ ಹತ್ತಿರ ಮೊದಲು ಕೇಳಿಕೊಳ್ಳಿ, ಯಾಕೆ ಅಂತ ಹೇಳಿದರೆ ಹೆಚ್ಚಿನವರು ಖುಷಿಯಿಂದ ಬಿಡುತ್ತಾರೆ. ಎಲ್ಲವನ್ನೂ ಅಳೆಯಬೇಕಾಗಿಲ್ಲ. ಒಂದು ಬಾಗಿಲಿನ ಎತ್ತರ, ಅಗಲ ಟೇಪ್ ಹಿಡಿದು ಬರೆದುಕೊಳ್ಳಿ, ಆಮೇಲೆ ಕಟ್ಟಡವನ್ನು ನೇರ ಎದುರಿನಿಂದ ಒಂದು ಫೋಟೋ ತೆಗೆಯಿರಿ. ಬಾಗಿಲಿನ ಅಳತೆ ಇದ್ದರೆ ಎದುರಿನ ಗೋಡೆಯ ಉಳಿದ ಅಳತೆಗಳೆಲ್ಲ ಫೋಟೋದಿಂದಲೇ ಬರುತ್ತವೆ. ಬಂದ ಸಂಖ್ಯೆಗಳನ್ನು 72ರಿಂದ ಭಾಗಿಸಿ ನನಗೆ ಕಳಿಸಿ, ಗೋಡೆ ಯಾವುದರಲ್ಲಿ ಕತ್ತರಿಸುವುದು ಅಂತ ಆಮೇಲೆ ಮಾತಾಡೋಣ.